ರೇಟಿಂಗ್ ಹಾಳೆ, ಗುಂಪು ಚರ್ಚೆ, ಇನ್ನೊಬ್ಬರ ಮನೆಯ ಚಾಪೆ

ಪತ್ತಿನ ಸಹಕಾರ ಸಂಘವೊಂದರ ಕಚೇರಿಯಲ್ಲಿ ನಡೆಯುವ ನಗೆ ಧಾರಾವಾಹಿ ಬರೆಯಬೇಕೆಂಬುದು ನನ್ನ ಬಹಳ ದಿನಗಳ ಆಸೆ. ಕಿವಿ ಸ್ವಲ್ಪ ಮಂದವಾದ ಅಧ್ಯಕ್ಷರು, ಎಲ್ಲವನ್ನೂ ಮುಂದಿನ ಸರ್ವಸದಸ್ಯರ ಸಭೆಗೆ ತಳ್ಳುವ ಕಾರ್ಯದರ್ಶಿ, ಗಿರವಿಗೆ ಬಂದ ಸರ ನೋಡಿಯೇ ಅದು ಯಾರ ಮದುವೆಯದೆಂದು ಹೇಳಬಲ್ಲ ಚಿನ್ನದ ಮೌಲ್ಯಮಾಪಕ, ದಿನವೂ ಅಂಗಡಿಯಿಂದ ಅಂಗಡಿಗೆ ತಿರುಗಿ ಪಿಗ್ಮಿ ಹಣ ಸಂಗ್ರಹಿಸುವ ಹುಡುಗಿ. ವಾಹಿನಿಯೊಂದರ ಕಚೇರಿಯಲ್ಲಿ ಇದನ್ನು ಹೇಳಿದಾಗ ಎದುರಿಗಿದ್ದವರು ಚೆನ್ನಾಗಿಯೇ ನಕ್ಕರು. ನಕ್ಕು ಮುಗಿಸಿ, "ಇದನ್ನು ನೋಡುವವರು ಯಾರು?" ಎಂದರು. ನಾನು "ಎಲ್ಲರೂ" ಎಂದೆ. ಆ ಕೋಣೆಯಲ್ಲಿ ಆಡಬಾರದ ಮಾತೊಂದಿದ್ದರೆ ಅದೇ. ಎರಡು ತಿಂಗಳು ಬಿಟ್ಟು ಸರಿಯಾದ ಉತ್ತರದೊಂದಿಗೆ ಬರುವಂತೆ ಹೇಳಿ ಕಳುಹಿಸಿದರು.

ಆ ಎರಡು ತಿಂಗಳಲ್ಲಿ ನಾನೂ ನನ್ನ ಜೊತೆಯ ಬರಹಗಾರ್ತಿಯೂ ಐದು ದಾರಿ ತುಳಿದೆವು. ಯಾವುದರಲ್ಲಿ ಏನು ಸಿಕ್ಕಿತು, ಏನು ಸಿಕ್ಕಲಿಲ್ಲ ಎಂಬ ಲೆಕ್ಕ ಇದು.

ಮೊದಲು ಕೈಗೆ ಬಂದದ್ದು ರೇಟಿಂಗ್ ಹಾಳೆ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆ 2015ರಿಂದ ಈ ಅಂಕಿಗಳನ್ನು ಕೊಡುತ್ತಿದೆ. ವಾಹಿನಿಗಳು ತಮ್ಮ ಧ್ವನಿಯೊಳಗೆ ಕಿವಿಗೆ ಕೇಳಿಸದ ಗುರುತೊಂದನ್ನು ಬೆರೆಸಿರುತ್ತವೆ. ಆಯ್ದ ಮನೆಗಳಲ್ಲಿ ಇಟ್ಟ ಮೀಟರ್ ಆ ಗುರುತನ್ನು ಹಿಡಿದು ಯಾವ ವಾಹಿನಿ ಓಡುತ್ತಿದೆ ಎಂದು ದಾಖಲಿಸುತ್ತದೆ. ಯಾರು ನೋಡುತ್ತಿದ್ದಾರೆಂದು ಮೀಟರಿಗೆ ತಿಳಿಸಲು, ಟಿವಿ ಮುಂದೆ ಕುಳಿತವರು ತಮ್ಮ ತಮ್ಮ ಗುಂಡಿ ಒತ್ತಬೇಕು. ವಾರದ ಫಲಿತಾಂಶ ಗುರುವಾರ ಬರುತ್ತದೆ. ವಾಹಿನಿಯ ಕಚೇರಿಯಲ್ಲಿ ಅಂದು ಯಾರನ್ನೂ ಕಾಣಲು ಹೋಗಬಾರದೆಂದು ಬೇಗ ಕಲಿತೆ.

ಈ ಹಾಳೆಯಲ್ಲಿ ವೀಕ್ಷಕರನ್ನು ಎ, ಬಿ, ಸಿ ಎಂದು ಶ್ರೇಣಿಗಳಾಗಿ ಒಡೆದಿರುತ್ತಾರೆ. ಒಡೆಯುವುದು ಎರಡೇ ಸಂಗತಿಯ ಮೇಲೆ: ಮನೆಯ ಮುಖ್ಯ ಸಂಪಾದನೆಗಾರರ ಓದು ಎಷ್ಟು, ಮತ್ತು ಒಂದು ಪಟ್ಟಿಯ 11 ವಸ್ತುಗಳಲ್ಲಿ ಆ ಮನೆಯಲ್ಲಿ ಎಷ್ಟಿವೆ. ಫ್ಯಾನು, ಗ್ಯಾಸ್ ಒಲೆ, ಫ್ರಿಜ್, ವಾಷಿಂಗ್ ಮೆಷಿನ್, ಕಾರು, ಕೃಷಿ ಭೂಮಿ ಹೀಗೆ. ಸೋಪು ಮಾರುವವನಿಗೆ ಇದು ಬೇಕೇ ಬೇಕು. ನಗಿಸುವವನಿಗೆ? ಫ್ರಿಜ್ ಬಂದ ಮೇಲೆ ಯಾರ ಹಾಸ್ಯಪ್ರಜ್ಞೆಯೂ ಬದಲಾದದ್ದನ್ನು ನಾನು ಕಂಡಿಲ್ಲ.

ಹಾಗೆಂದು ಹಾಳೆ ದಂಡವಾಗಲಿಲ್ಲ. ಒಂದು ನಿಮಿಷ ಇಣುಕಿ ಹೋದವರೂ 'ರೀಚ್', ಅಂದರೆ ಎಷ್ಟು ಜನರನ್ನು ತಲುಪಿತು ಎಂಬ ಲೆಕ್ಕದಲ್ಲಿ ಸೇರುತ್ತಾರೆ. ಆ ಅಂಕಿಯ ಪಕ್ಕದಲ್ಲಿ ಜನ ಎಷ್ಟು ಹೊತ್ತು ಉಳಿದರು ಎಂಬ ಅಂಕಿಯನ್ನಿಟ್ಟು ನೋಡಿದರೆ, ಹೊಸ್ತಿಲವರೆಗೆ ಬಂದು ಒಳಗೆ ಬಾರದವರು ಎಷ್ಟೆಂದು ತಿಳಿಯುತ್ತದೆ. ಯಾವ ಸಮಯದಲ್ಲಿ ಯಾರ ಎದುರು ಕುಸ್ತಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಆದರೆ ಅದು ಹೇಳುವುದೆಲ್ಲ ಈಗಾಗಲೇ ಪ್ರಸಾರವಾಗಿರುವುದರ ಬಗ್ಗೆ. ಸಹಕಾರ ಸಂಘದ ನಗೆ ಧಾರಾವಾಹಿ ಆ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲದ್ದಕ್ಕೆ ಅಂಕಿ ಎಲ್ಲಿಂದ ಬರಬೇಕು?

ಎರಡನೆಯದು ಗೂಗಲ್ ಫಾರ್ಮ್. ಖರ್ಚಿಲ್ಲ, ಒಂದು ಸಂಜೆಯ ಕೆಲಸ. ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಟ್ಟೆವು. ಉತ್ತರ ಕೊಟ್ಟವರೆಲ್ಲ ನಮ್ಮ ಸ್ನೇಹಿತರು, ಅವರ ಸ್ನೇಹಿತರು, ದುಬೈಯಲ್ಲಿರುವ ನನ್ನ ಚಿಕ್ಕಮ್ಮನ ಮಗ. ಬಹುಪಾಲು ಜನ "ನಾನು ಟಿವಿ ನೋಡುವುದಿಲ್ಲ" ಎಂಬುದರ ಮುಂದೆ ಗುರುತು ಹಾಕಿ, ಮುಂದಿನ ಹತ್ತು ಪ್ರಶ್ನೆಗಳಲ್ಲಿ ಟಿವಿ ಹೇಗಿರಬೇಕೆಂದು ವಿವರವಾಗಿ ತಿಳಿಸಿದ್ದರು. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಗುಂಪು ಚರ್ಚೆಗೆ ನಿಜವಾಗಿಯೂ ಹಣ ಬಿತ್ತು. ದಾವಣಗೆರೆಯ ಹೋಟೆಲೊಂದರ ಸಣ್ಣ ಸಭಾಂಗಣ, ಎಂಟು ಜನ ಹೆಂಗಸರು, ಪ್ರಶ್ನೆ ಕೇಳಲು ಬಾಡಿಗೆಗೆ ತಂದ ಒಬ್ಬ ಸಂಚಾಲಕಿ, ಮೇಜಿನ ನಡುವೆ ರೆಕಾರ್ಡರ್. ಮೊದಲು ಬಾಯಿ ತೆರೆದವರು ನಿವೃತ್ತ ಶಿಕ್ಷಕಿ. "ಮನೆಮಂದಿಯೆಲ್ಲ ಕುಳಿತು ನೋಡುವಂತಿರಬೇಕು, ಸಮಾಜಕ್ಕೆ ಸಂದೇಶವಿರಬೇಕು" ಎಂದರು. ಮುಗಿಯಿತು. ಉಳಿದ ಏಳು ಜನ ಒಂದೂವರೆ ಗಂಟೆ ಅದೇ ಮಾತನ್ನು ಬೇರೆ ಬೇರೆ ಸೀರೆ ಉಡಿಸಿ ಮುಂದಿಟ್ಟರು. ಅತ್ತೆ ಸೊಸೆಯ ಜಗಳ ಯಾರಿಗೂ ಬೇಡ, ಕೆಟ್ಟ ಮಾತು ಬೇಡ, ಮಕ್ಕಳಿಗೆ ಒಳ್ಳೆಯದಾಗುವಂಥದ್ದು ಬೇಕು. ಹಿಂದಿನ ರಾತ್ರಿ ಏನು ನೋಡಿದಿರಿ ಎಂದು ಕೇಳಿದರೆ ಅತ್ತೆ ಸೊಸೆಯ ಜಗಳವನ್ನೇ ನೋಡಿದ್ದರು. ಇವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ನೆರೆದವರ ಎದುರು ಒಬ್ಬ ಮರ್ಯಾದಸ್ಥ ಹೆಂಗಸು ಏನನ್ನು ಇಷ್ಟಪಡಬೇಕೋ ಅದನ್ನು ಹೇಳುತ್ತಿದ್ದರು, ಅಷ್ಟೇ.

ರೆಕಾರ್ಡರ್ ನಿಲ್ಲಿಸಿ ಕಾಫಿ ತರಿಸಿದ ಮೇಲೆ ಬೇರೆಯದೇ ಆಯಿತು. ಅಲ್ಲಿಯವರೆಗೆ ಎರಡು ಮಾತೂ ಆಡದಿದ್ದ ಒಬ್ಬರು ನನ್ನ ಬಳಿ ಬಂದು, "ನಿಮ್ಮ ಕಥೆಯಲ್ಲಿ ಪಿಗ್ಮಿ ಹುಡುಗಿ ಇದ್ದಾಳಂತಲ್ಲ, ಅವಳು ಗುಟ್ಟು ಕಾಯುವವಳೋ, ಊರಿಗೆಲ್ಲ ಹೇಳುವವಳೋ?" ಎಂದು ಕೇಳಿದರು. ಅವರು ಟೈಲರಿಂಗ್ ಹಣದಲ್ಲಿ ದಿನಕ್ಕಿಷ್ಟು ಎಂದು ಪಿಗ್ಮಿ ಕಟ್ಟುತ್ತಿರುವುದು ಗಂಡನಿಗೆ ಗೊತ್ತಿಲ್ಲವಂತೆ. ಪಕ್ಕದಲ್ಲಿದ್ದ ಇನ್ನಿಬ್ಬರು ನಕ್ಕರು. ಅವರ ಕಥೆಯೂ ಅದೇ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ ಪಿಗ್ಮಿ ಆರಂಭಿಸಿದ್ದು ಪುಡಿಗಾಸಿನ ಉಳಿತಾಯಕ್ಕಾಗಿ. ಅದು ಹೆಂಗಸರ ಗುಟ್ಟಿನ ಡಬ್ಬಿಯೂ ಆಗಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ನಮ್ಮ ನಾಯಕಿ ಆ ಕಾಫಿಯ ಹೊತ್ತಿನಲ್ಲಿ ಹುಟ್ಟಿದಳು. ಅದಕ್ಕೆ ಮುಂಚೆ ಅವಳು ಬರೀ ಚೀಲ ಹಿಡಿದ ಹುಡುಗಿ.

ಇಂಥ ಪರೀಕ್ಷೆಗಳ ಮಾತು ಬಂದಾಗಲೆಲ್ಲ ಬರಹಗಾರರು ಅಮೆರಿಕದ ನಗೆ ಧಾರಾವಾಹಿ 'ಸೈನ್‌ಫೆಲ್ಡ್' ಉದಾಹರಣೆ ಎತ್ತುತ್ತಾರೆ. 1989ರಲ್ಲಿ ಎನ್‌ಬಿಸಿ ವಾಹಿನಿ ಅದರ ಮೊದಲ ಕಂತನ್ನು ಜನರಿಗೆ ತೋರಿಸಿ ಪರೀಕ್ಷಿಸಿದಾಗ ಬಂದ ವರದಿ 'ದುರ್ಬಲ' ಎಂದಿತ್ತು. ಧಾರಾವಾಹಿ 1998ರವರೆಗೆ ಓಡಿತು. ನಾನೂ ಇದನ್ನು ಹಲವು ಸಲ ಎತ್ತಿದ್ದೇನೆ. ಆದರೆ 'ದುರ್ಬಲ' ಎನಿಸಿಕೊಂಡು ನಿಜವಾಗಿಯೂ ದುರ್ಬಲವಾಗಿದ್ದವುಗಳ ಹೆಸರು ಯಾರ ಬಾಯಲ್ಲೂ ಇಲ್ಲ, ನೋಡಿ.

ನಾಲ್ಕನೆಯ ದಾರಿಯೂ ಅಗ್ಗದ್ದೇ: ಮನೆಗಳಿಗೆ ಹೋಗಿ ಕೂರುವುದು. ತುಮಕೂರಿನಲ್ಲಿ ಎರಡು, ದಾವಣಗೆರೆಯಲ್ಲಿ ಒಂದು, ಹುಬ್ಬಳ್ಳಿಯಲ್ಲಿ ಎರಡು ಮನೆ. ಎಲ್ಲ ನಂಟರ ನಂಟರದ್ದು. ಬಸ್ ಖರ್ಚು, ಮನೆಗೆ ಅರ್ಧ ಕಿಲೋ ಮೈಸೂರುಪಾಕು. ಪ್ರತಿ ಮನೆಯಲ್ಲೂ ಎರಡು ಸಂಜೆ, ಆರೂವರೆಯಿಂದ ಹತ್ತರವರೆಗೆ. ಮೊದಲ ಸಂಜೆ ಎಲ್ಲಿಯೂ ಉಪಯೋಗಕ್ಕೆ ಬರಲಿಲ್ಲ. ಎಲ್ಲರೂ ಒಳ್ಳೆಯ ಬಟ್ಟೆ ಉಟ್ಟು ಸಾಲಾಗಿ ಕುಳಿತು, ಟಿವಿಗಿಂತ ಹೆಚ್ಚಾಗಿ ನಮ್ಮನ್ನೇ ನೋಡಿದರು. ಎರಡನೆಯ ಸಂಜೆ ನಮಗೊಂದು ಚಾಪೆ ಹಾಸಿಕೊಟ್ಟು ಮರೆತುಬಿಟ್ಟರು. ನಮಗೆ ಬೇಕಾದದ್ದು ಆ ಮರೆವೇ.

ರಿಮೋಟ್ ಪ್ಲಾಸ್ಟಿಕ್ ಕವರಿನೊಳಗೆ, ಮೇಲೆ ರಬ್ಬರ್ ಬ್ಯಾಂಡು. ಅದು ಒಂಬತ್ತರವರೆಗೆ ಅತ್ತೆಯ ಮಡಿಲಿನಲ್ಲಿ, ಒಂಬತ್ತಕ್ಕೆ ಮಾವನ ಕೈಗೆ. ಜಾಹೀರಾತು ಬಂದೊಡನೆ ಯಾರೂ ಕೂತಿರುವುದಿಲ್ಲ. ಗಂಟೆಗೆ 12 ನಿಮಿಷ ಎಂಬ ಮಿತಿ ನಿಯಮದಲ್ಲಿದೆ, ಆ ಬಿಡುವಿನಲ್ಲಿ ಮೊಸರಿಗೆ ಹೆಪ್ಪು ಹಾಕಿ, ಮಗನ ಹೋಂವರ್ಕ್ ನೋಡಿ, ವಾಪಸ್ಸು ಬಂದು "ಏನಾಯಿತು?" ಎಂದು ಕೇಳುತ್ತಾರೆ. ಸೊಸೈಟಿಯ ಕಂತು ಒಂದು ದಿನವೂ ತಪ್ಪಿಸದ ಮನೆಯವರು ಧಾರಾವಾಹಿಯ ಕಂತನ್ನು ನಿರಾಳವಾಗಿ ತಪ್ಪಿಸುತ್ತಾರೆ.

ಇವೆಲ್ಲಕ್ಕಿಂತ ದೊಡ್ಡದು: ಐದರಲ್ಲಿ ನಾಲ್ಕು ಮನೆಗಳಲ್ಲಿ, ಹಾಳೆಯ ಪ್ರಕಾರ ನಮ್ಮ 'ಮುಖ್ಯ ವೀಕ್ಷಕಿ'ಯಾದ ಸೊಸೆ ಟಿವಿ ನೋಡುತ್ತಲೇ ಇರಲಿಲ್ಲ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತ ಕೇಳುತ್ತಿದ್ದಳು. ಒಳಗಿನಿಂದಲೇ ಪಾತ್ರಗಳಿಗೆ ಬೈಯುತ್ತಿದ್ದಳು. ಜಗಳ ಜೋರಾದರೆ ಮಾತ್ರ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಮೀಟರೂ ಧ್ವನಿಯನ್ನೇ ಹಿಡಿಯುತ್ತದೆ, ಇವಳೂ ಧ್ವನಿಯನ್ನೇ ಹಿಡಿಯುತ್ತಾಳೆ. ಗುಂಡಿ ಒತ್ತಲು ಕೈ ಖಾಲಿ ಇರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ನಮ್ಮ ಮೊದಲ ಕಂತಿನಲ್ಲಿ ಕಾರ್ಯದರ್ಶಿ ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಅದನ್ನೇ ಎರಡು ನಿಮಿಷ ಹುಡುಕುತ್ತಾನೆ. ಒಂದೂ ಮಾತಿಲ್ಲ. ನನಗೆ ಬಹಳ ಪ್ರಿಯವಾದ ದೃಶ್ಯ. ಅಡುಗೆಮನೆಗೆ ಅದು ಎರಡು ನಿಮಿಷದ ಮೌನ.

ಹುಬ್ಬಳ್ಳಿಯ ಅಜ್ಜಿಯೊಬ್ಬರು, ನಮ್ಮ ಕಡೆಯ ಮಾತನ್ನು ಟಿವಿಯವರು ಯಾವಾಗಲೂ ಅಡುಗೆಯವನಿಗೋ ರೌಡಿಗೋ ಏಕೆ ಕೊಡುತ್ತಾರೆ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಬೆಂಗಳೂರಿಗೆ ಬಂದವರೇ ಅಧ್ಯಕ್ಷರನ್ನು ಧಾರವಾಡದ ಕಡೆಯವರನ್ನಾಗಿ ಮಾಡಿದೆವು.

ಕೊನೆಯದು ಓದು. ತುಮಕೂರಿನ ಹವ್ಯಾಸಿ ನಾಟಕ ತಂಡದವರು ತಾಲೀಮಿನ ಕೋಣೆ ಬಿಟ್ಟುಕೊಟ್ಟರು. ಸುಮಾರು ಮೂವತ್ತು ಜನರ ಮುಂದೆ ನಟರು ಮೊದಲ ಕಂತನ್ನು ಓದಿದರು. ನಾನು ನಟರಿಗೆ ಬೆನ್ನು ಹಾಕಿ, ಮುಖಗಳನ್ನು ನೋಡುತ್ತ, ನಗು ಬಂದ ಸಾಲಿನ ಪಕ್ಕ ಗೀಟು ಹಾಕುತ್ತ ಹೋದೆ. ಗುಂಪು ಚರ್ಚೆಯಲ್ಲಿ ಜನ ತಮಗೆ ಏನಿಷ್ಟ ಎಂದು ಹೇಳುತ್ತಾರೆ; ಇಲ್ಲಿ ಹೇಳಲು ಅವಕಾಶವೇ ಇಲ್ಲ, ನಗು ಬಂದರೆ ಬಂತು. ಪಿಗ್ಮಿ ಹುಡುಗಿಯನ್ನು ಕಂಡ ದಿನಸಿ ಅಂಗಡಿಯವನು ಅಕ್ಕಿ ಮೂಟೆಯ ಹಿಂದೆ ಅಡಗಿ "ಯಜಮಾನರು ಊರಲ್ಲಿಲ್ಲ" ಎನ್ನುತ್ತಾನೆ. ಅವಳು "ಆಗಲಿ ಯಜಮಾನರೇ, ಬಂದ ಮೇಲೆ ಕೊಡಿ" ಎಂದು ಹೊರಡುತ್ತಾಳೆ. ಕೋಣೆ ಎದ್ದು ನಕ್ಕಿತು. ಸಭೆಯ ಕೋರಂ ಬಗ್ಗೆ ನಾವು ಒಂದು ವಾರ ಕುಳಿತು ಹೆಣೆದ ಹಾಸ್ಯಕ್ಕೆ ಒಬ್ಬರು ಕೆಮ್ಮಿದರು. ಒಂದೇ ಎಚ್ಚರ: ಮೂವತ್ತು ಜನರ ನಗು ಅಂಟುರೋಗ. ಮನೆಯಲ್ಲಿ ಮೂವರೇ ಇದ್ದಾಗ ಅದೇ ಮಾತಿಗೆ ತುಟಿಯಂಚು ಅಲುಗಿದರೆ ಹೆಚ್ಚು. ಅದಕ್ಕೇ ಗೀಟುಗಳಲ್ಲಿ ಅರ್ಧವನ್ನು ಅಳಿಸಿ ಲೆಕ್ಕ ಹಾಕಿದೆ.

ಮತ್ತೊಮ್ಮೆ ಇಂಥ ಕೆಲಸ ಬಂದರೆ ಮೊದಲು ಮನೆಗಳು, ಬರೆದ ಮೇಲೆ ಓದು, ಪ್ರಸಾರದ ಸಮಯ ಗೊತ್ತುಮಾಡುವಾಗ ಮಾತ್ರ ಹಾಳೆ. ಗುಂಪು ಚರ್ಚೆಗೆ ಹಣ ಕೊಡುವುದಾದರೆ ಕಾಫಿಯ ಬಿಡುವನ್ನು ಒಂದು ಗಂಟೆಗೆ ಏರಿಸುತ್ತೇನೆ. ಕೈಯಲ್ಲಿ ಕಥೆ ಇಲ್ಲದೆ, ಖಾಲಿ ಇರುವ ಪ್ರಸಾರದ ಸಮಯವೊಂದನ್ನು ತುಂಬಲು ಹೊರಟವರು ಈ ಕ್ರಮವನ್ನು ತಿರುವು ಮುರುವಾಗಿ ಹಿಡಿದರೂ ತಪ್ಪಿಲ್ಲ.

ವಾಹಿನಿಗೆ ಮರಳಿದಾಗ ಅರ್ಜಿಯಲ್ಲಿ 'ಗುರಿ ವೀಕ್ಷಕರು' ಎಂಬ ಚೌಕವಿತ್ತು. ವಯಸ್ಸು, ಶ್ರೇಣಿ, ನಗರ, ಗ್ರಾಮೀಣ ಎಲ್ಲ ತುಂಬಿ, ಕೆಳಗೆ 'ಅಡುಗೆಮನೆಯಲ್ಲಿ ಇರುವವರು' ಎಂದು ಸೇರಿಸಿದೆ. ಅಧಿಕಾರಿ ಓದಿ, "ಇದು ಯಾವ ಶ್ರೇಣಿಗೆ ಬರುತ್ತದೆ?" ಎಂದು ಕೇಳಿದರು, ಆದರೂ ಪ್ರಾಯೋಗಿಕ ಕಂತಿಗೆ ಒಪ್ಪಿಗೆ ಸಿಕ್ಕಿತು. ಅದರ ಧ್ವನಿ ಮಿಶ್ರಣ ಮುಗಿದ ರಾತ್ರಿ ಫೈಲನ್ನು ಮನೆಗೆ ತಂದು, ಟಿವಿ ಹಾಕಿ, ನಾನು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟೆ. ಕಾರ್ಯದರ್ಶಿಯ ಕನ್ನಡಕ ಎಲ್ಲಿದೆಯೆಂದು ಈಗ ಅಟೆಂಡರ್ ಬಾಯಿಬಿಟ್ಟು ಹೇಳುತ್ತಾನೆ, ಅದು ಸ್ಪಷ್ಟವಾಗಿ ಕೇಳಿಸಿತು. ಕುಕ್ಕರಿನ ಎರಡನೆಯ ಕೂಗಿಗೆ ಅಧ್ಯಕ್ಷರ ಒಂದು ಸಾಲು ಮುಳುಗಿಹೋಯಿತು. ಅದನ್ನು ಮತ್ತೆ ಡಬ್ ಮಾಡಿಸಬೇಕು.