ಚಪ್ಪಾಳೆ ತಟ್ಟಿ ತೋರಿಸುವವರನ್ನು ನಂಬಬೇಡಿ: ಮನೆಯಲ್ಲಿ ಸ್ಟುಡಿಯೋ ಮಾಡಿಸಲು ಹೋಗಿ ನಾನು ಕೈ ಸುಟ್ಟುಕೊಂಡದ್ದು

ಇದನ್ನು ಬರೆಯಬಾರದು ಎಂದುಕೊಂಡೇ ಎರಡು ತಿಂಗಳು ಸುಮ್ಮನಿದ್ದೆ. ಬರೆದರೆ ನನ್ನ ದಡ್ಡತನವೇ ಊರಿಗೆಲ್ಲ ಗೊತ್ತಾಗುತ್ತದೆ. ಆದರೆ ಕಳೆದ ವಾರ, ಸ್ಟುಡಿಯೋ ಮಾಡಿಕೊಟ್ಟ ಆ ಮನುಷ್ಯ ತನ್ನ ವಾಟ್ಸ್‌ಆ್ಯಪ್ ಪ್ರೊಫೈಲ್‌ಗೆ ಹೊಸ ಚಿತ್ರ ಹಾಕಿದ್ದಾನೆ. ಯಾವುದು ಅಂದುಕೊಂಡಿರಿ? ನನ್ನ ಕೋಣೆ! ಅದೇ ಕಪ್ಪು, ಕೆಂಪು ಫೋಮ್, ಅದೇ ನನ್ನ ಮೇಜು. ಮೇಲೆ ‘ಸಂಪೂರ್ಣ ಸೌಂಡ್‌ಪ್ರೂಫ್’ ಎಂಬ ಬರಹ. ಇನ್ನು ಸುಮ್ಮನಿರುವುದು ಹೇಗೆ?

ನಾನು ಧ್ವನಿಪುಸ್ತಕಗಳನ್ನು ಓದುವವಳು. ನಡುನಡುವೆ ಡಬ್ಬಿಂಗ್, ಜಾಹೀರಾತು. ಗಂಟೆ ಲೆಕ್ಕದಲ್ಲಿ ಸ್ಟುಡಿಯೋ ಬಾಡಿಗೆ ಕೊಟ್ಟು ಸಾಕಾಗಿ, ಮನೆಯ ಮಹಡಿಯ ಕೋಣೆಯನ್ನೇ ಸಜ್ಜು ಮಾಡಿಕೊಳ್ಳೋಣ ಅಂದುಕೊಂಡೆ. ಬೆಂಗಳೂರಿನ ಗಿರಿನಗರದ ಕಡೆಯ ಹಳೆಯ ಮನೆ. ಕೋಣೆ ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರವೂ ಹತ್ತಡಿ. ಕಿಟಕಿಯಾಚೆ ಅಡ್ಡರಸ್ತೆ, ಅದರಾಚೆ ಬಸ್ಸುಗಳು ತಿರುಗುವ ಜಾಗ. ಪಕ್ಕದ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ನಾಲ್ಕು ಅಡಿ ಓಣಿ.

ಪರಿಚಯದವರೊಬ್ಬರು ಇವನ ನಂಬರ್ ಕೊಟ್ಟರು. ಬಂದ, ಗೋಡೆಗೆ ಲೇಸರ್ ಹಿಡಿದು ಅಳೆದ, ತಲೆಯಾಡಿಸಿದ. "ಮೇಡಂ, ಒಳಗೆ ನೀವು ಕಿರುಚಿಕೊಂಡರೂ ಹೊರಗೆ ಕೇಳಿಸುವುದಿಲ್ಲ. ಸೌಂಡ್‌ಪ್ರೂಫ್, ಗ್ಯಾರಂಟಿ" ಎಂದ. 1,60,000 ರೂಪಾಯಿ. ಬಿಲ್ ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎಂದೂ ಹೇಳಿದ. ನಾನು ಬಿಲ್ ಬೇಡವೆಂದೆ. ಹೌದು, ನಾನೇ ಬೇಡವೆಂದೆ. ಬೈಯುವವರು ಬೈದುಕೊಳ್ಳಿ.

ಎರಡೇ ದಿನದಲ್ಲಿ ಕೆಲಸ ಮುಗಿಯಿತು. ನಾಲ್ಕೂ ಗೋಡೆಗೆ, ಬಾಗಿಲಿನ ಒಳಮೈಗೆ, ಕೊನೆಗೆ ಜಾರುವ ಅಲ್ಯೂಮಿನಿಯಂ ಕಿಟಕಿಯ ಗಾಜಿನ ಮೇಲೂ ಎರಡಿಂಚಿನ ಮುಳ್ಳುಮುಳ್ಳು ಫೋಮ್ ಅಂಟಿಸಿದರು. ಎಲ್ಲ ಆದ ಮೇಲೆ ನನ್ನನ್ನು ಕೋಣೆಯ ನಡುವೆ ನಿಲ್ಲಿಸಿ ಪಟಾರನೆ ಒಂದು ಚಪ್ಪಾಳೆ ತಟ್ಟಿದ. "ನೋಡಿ ಮೇಡಂ, ಶಬ್ದ ಸತ್ತೇ ಹೋಯಿತು."

ನಿಜವಾಗಿಯೂ ಸತ್ತಿತ್ತು. ಹಿಂದಿನ ವಾರ ಅದೇ ಕೋಣೆಯಲ್ಲಿ ಮಾತಾಡಿದರೆ ಖಾಲಿ ಡ್ರಮ್ಮಿನೊಳಗೆ ಮಾತಾಡಿದಂತೆ ಇರುತ್ತಿತ್ತು, ಈಗ ಕಿವಿಗೆ ಹತ್ತಿ ತುರುಕಿದಷ್ಟು ಮೌನ. ನಾನು ಬಿದ್ದದ್ದು ಅಲ್ಲೇ, ಆ ಒಂದು ಚಪ್ಪಾಳೆಗೆ. ಅದೇ ಖುಷಿಯಲ್ಲಿ ಬಾಕಿ 60,000 ರೂಪಾಯಿಯನ್ನು ಅವನ ಎದುರಿಗೇ ಕಳಿಸಿದೆ, ಫಿಲ್ಟರ್ ಕಾಫಿಯನ್ನೂ ಕೊಟ್ಟೆ. ಮಧ್ಯಾಹ್ನದ ಹೊತ್ತು, ಬೀದಿ ಖಾಲಿ, ಬಸ್ಸಿಲ್ಲ, ಕುಕ್ಕರ್ ಇಲ್ಲ. ಆ ಹೊತ್ತನ್ನು ಅವನು ಬೇಕೆಂದೇ ಆರಿಸಿಕೊಂಡನೋ ಏನೋ.

ಮರುದಿನ ಬೆಳಿಗ್ಗೆ ಒಂದು ಅಧ್ಯಾಯ ಓದಿ, ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕಾದಂಬರಿಯಲ್ಲಿ ತಂಗಿ ಅಳುತ್ತಾ ಬಾವಿಯ ಕಡೆ ನಡೆಯುವ ಜಾಗ. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲಿನ ಮೌನದಲ್ಲಿ ಪಕ್ಕದ ಮನೆಯ ಕುಕ್ಕರ್. ಒಂದು ಸೀಟಿ. ಎರಡು. ಮೂರು. ಆಮೇಲೆ ಸೊಪ್ಪಿನವಳು. ಅವಳು ಕೂಗಿದ ‘ದಂಟು, ಮೆಂತ್ಯ, ಸಬ್ಬಸಿಗೆ’ ಒಂದೊಂದೂ ಸ್ಪಷ್ಟ. ನನ್ನದೇ ‘ಸ, ಶ, ಷ’ಗಳ ಅಂಚು ಮಾತ್ರ ಸತ್ತಿತ್ತು, ಕಂಬಳಿ ಹೊದ್ದು ಓದಿದಂತೆ. ಎಲ್ಲದರ ಅಡಿಯಲ್ಲಿ ಬಸ್ಸಿನ ಎಂಜಿನ್ನಿನ ಗುಂಯ್.

ಪ್ರಕಾಶನದವರು ಕೇಳುವುದು ಮೌನದ ಜಾಗದಲ್ಲಿ ಶಬ್ದ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕೆಂದು. ನನ್ನದು ಮೈನಸ್ 41, ಅಂದರೆ ಅದಕ್ಕಿಂತ ಎಷ್ಟೋ ಜೋರು.

ಆ ತುಣುಕನ್ನು ಅವನಿಗೆ ಕಳಿಸಿದೆ. ಬಂದ ಉತ್ತರಗಳನ್ನು ಕೇಳಿ. ಮೊದಲ ದಿನ: "ಮೇಡಂ, ನಿಮ್ಮ ಮೈಕ್ ಅತಿ ಸೂಕ್ಷ್ಮ, ಬೇರೆ ಮೈಕ್ ತೆಗೆದುಕೊಳ್ಳಿ." ಮೂರನೆಯ ದಿನ: "ಹೊಸ ಫೋಮ್ ಅಲ್ಲವೇ, ಕೂರಲು ಒಂದು ವಾರ ಬೇಕು." ಕೂರುವುದೆಂದರೇನು, ಅದೇನು ದೋಸೆ ಹಿಟ್ಟೇ? ವಾರದ ನಂತರ: "ನೂರಕ್ಕೆ ನೂರು ಸೌಂಡ್‌ಪ್ರೂಫ್ ಎಂಬುದು ಪ್ರಪಂಚದಲ್ಲಿ ಎಲ್ಲೂ ಇಲ್ಲ ಮೇಡಂ." ಅದರ ಬೆನ್ನಿಗೇ: "ಇನ್ನೊಂದು ಪದರ ಹಾಕಿಸೋಣ, ನಿಮಗಾಗಿ 40,000ಕ್ಕೆ ಮಾಡಿಕೊಡುತ್ತೇನೆ." ಗ್ಯಾರಂಟಿ ಎಂದಿದ್ದಿರಲ್ಲ ಎಂದು ಕೇಳಿದ್ದಕ್ಕೆ, "ಕೊಟೇಶನ್ ಓದಿ ಮೇಡಂ."

ಓದಿದೆ. ‘ಅಕೌಸ್ಟಿಕ್ ಟ್ರೀಟ್‌ಮೆಂಟ್’ ಎಂದಿತ್ತು, ಅಂದರೆ ಕೋಣೆಯೊಳಗಿನ ಮಾರ್ದನಿ ಇಳಿಸುವ ಕೆಲಸ, ಹೊರಗಿನ ಶಬ್ದ ತಡೆಯುವುದಲ್ಲ. ಸೌಂಡ್‌ಪ್ರೂಫ್ ಎಂಬ ಪದ ಎರಡು ಪುಟದಲ್ಲಿ ಎಲ್ಲೂ ಇರಲಿಲ್ಲ. ಬಾಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು. ಚಪ್ಪಾಳೆ ತಟ್ಟಿದ್ದು ಏಕೆಂದು ಆಗ ಅರ್ಥವಾಯಿತು: ಅದರಿಂದ ಗೊತ್ತಾಗುವುದು ಮಾರ್ದನಿ ಮಾತ್ರ.

ಇದಕ್ಕಿಂತ ದೊಡ್ಡ ಅವಮಾನ ಓಣಿಯಾಚೆಯಿಂದ ಬಂತು. ಪಕ್ಕದ ಮನೆಯ ಅಜ್ಜಿ ಬಟ್ಟೆ ಒಣಗಿಸುತ್ತಾ ಕೇಳಿದರು, "ಏನಮ್ಮಾ, ಆ ತಂಗಿ ಬಾವಿಯ ಹತ್ತಿರ ಹೋದಳಲ್ಲ, ಆಮೇಲೆ ಏನಾಯಿತು?"

ಕೊನೆಗೆ ಯಜಮಾನರ ಕಡೆಯ ನೆಂಟರೊಬ್ಬರನ್ನು ಕರೆಸಿದೆ. ಆಕಾಶವಾಣಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಅವರು ಗೋಡೆಯತ್ತ ನೋಡಲೇ ಇಲ್ಲ, ನೆಲಕ್ಕೆ ಬಗ್ಗಿ ಬಾಗಿಲ ಕೆಳಗೆ ಬೆರಳು ತೂರಿಸಿದರು. ಅರ್ಧ ಇಂಚು ಸಂದು. 36 ಇಂಚು ಅಗಲ, 84 ಇಂಚು ಎತ್ತರದ ಬಾಗಿಲಿನಲ್ಲಿ ಆ ಸಂದು ನೂರಕ್ಕೆ ಒಂದು ಪಾಲೂ ಅಲ್ಲ. ಆದರೆ ಆ ಸಂದು ಇರುವ ತನಕ ಬಾಗಿಲು ಕಬ್ಬಿಣದ್ದೇ ಆದರೂ 22 ಡೆಸಿಬೆಲ್‌ಗಿಂತ ಹೆಚ್ಚು ತಡೆಯುವುದಿಲ್ಲವಂತೆ. ಗಾಳಿ ನುಗ್ಗುವ ಕಡೆಯೆಲ್ಲ ಶಬ್ದ ನುಗ್ಗುತ್ತದೆ ಎಂದರು. ಕಾಲೇಜಿನ ದಿನಗಳಲ್ಲಿ ನಾನು ರೇಡಿಯೋ ನಾಟಕಕ್ಕೆ ಹೋಗಿದ್ದವಳು. ಒಂದು ಬಾಗಿಲು, ನಡುವೆ ಪುಟ್ಟ ಜಾಗ, ಮತ್ತೊಂದು ಬಾಗಿಲು; ಎರಡನ್ನೂ ಭುಜ ಕೊಟ್ಟು ತಳ್ಳಬೇಕಿತ್ತು. ಆ ಭಾರ ನೆನಪಿದ್ದೂ ನನಗೆ ಬುದ್ಧಿ ಬರಲಿಲ್ಲ.

ಶಬ್ದ ತಡೆಯಲು ಬೇಕಾದದ್ದು ತೂಕ ಮತ್ತು ಸಂದಿಲ್ಲದ ಮುಚ್ಚುವಿಕೆ. ಫೋಮ್ ಒಂದಡಿ ಚದರ ಕಿತ್ತು ಅಡುಗೆಮನೆಯ ತಕ್ಕಡಿಗೆ ಹಾಕಿದೆ: 90 ಗ್ರಾಂ. ಚದರ ಮೀಟರಿಗೆ ಒಂದು ಕಿಲೋ ಕೂಡ ಇಲ್ಲ. ಅದನ್ನು ಅಂಟಿಸಿದ್ದ ಒಂಬತ್ತಿಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ 400 ಕಿಲೋಗೂ ಮೇಲೆ! ಗೋಡೆಯ ತೂಕವನ್ನು ಪೂರ್ತಿ ಇಮ್ಮಡಿ ಮಾಡಿದರೂ ಸಿಗುವುದು ಸುಮಾರು 6 ಡೆಸಿಬೆಲ್ ಎಂದಾದರೆ, ಈ ಒಂದು ಕಿಲೋದಿಂದ ಏನು ಸಿಕ್ಕೀತು? ಫೋಮ್ ಮಾಡುವುದು ಒಳಗಿನ ಮಾರ್ದನಿಯನ್ನು ಹೀರುವ ಕೆಲಸ. ಅದೂ ತೆಳ್ಳನೆಯ ದನಿಗಳದ್ದು ಮಾತ್ರ. 100 ಹರ್ಟ್ಸ್‌ನಂಥ ದಪ್ಪ ದನಿಯ ಅಲೆ ಸುಮಾರು 3.4 ಮೀಟರ್ ಉದ್ದ, ಎರಡಿಂಚಿನ ಫೋಮ್ ಅದಕ್ಕೆ ಲೆಕ್ಕವೇ ಅಲ್ಲ. ಸಾಲದ್ದಕ್ಕೆ ನನ್ನ ಕೋಣೆ ಪೆಟ್ಟಿಗೆಯಂತೆ ಮೂರೂ ಕಡೆ ಒಂದೇ ಅಳತೆ, ಮೂರೂ ದಿಕ್ಕಿನ ಅನುರಣನ (ಒಂದು ದನಿಗೆ ಕೋಣೆಯೇ ಗುಂಯ್ಗುಟ್ಟುವುದು) 56 ಹರ್ಟ್ಸ್ ಆಸುಪಾಸಿನಲ್ಲೇ ಒಂದರ ಮೇಲೊಂದು ಕೂರುತ್ತದೆ. ಬಸ್ಸಿನ ಗುಂಯ್ ಅಷ್ಟು ಜೋರಾಗಿ ಕೇಳಿದ್ದು ಅದಕ್ಕೇ. ಅಳತೆ ಹಿಡಿದವನು ಇದನ್ನು ಹೇಳಬೇಡವೇ?

ಬೆಂಕಿಯ ವಿಷಯ ಬೇರೆ. ‘ಬೆಂಕಿ ಹತ್ತದ ಫೋಮ್’ ಎಂದಿದ್ದ. ಹಿತ್ತಲಿನಲ್ಲಿ ಒಂದು ತುಂಡಿಗೆ ಕಡ್ಡಿ ಗೀರಿದೆ. ಭಗ್ಗನೆ ಹತ್ತಿ, ಉರಿಯುತ್ತಲೇ ತೊಟ್ಟಿಕ್ಕಿತು, ಕಪ್ಪು ಹೊಗೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ನೈಟ್‌ಕ್ಲಬ್ಬಿನಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಫೋಮಿಗೆ ತಾಗಿ 100 ಜನ ಸತ್ತರು. ನಾನು ಅಂಥದ್ದರ ನಡುವೆ, ಬಾಗಿಲು ಹಾಕಿಕೊಂಡು, ಫ್ಯಾನ್ ಕೂಡ ಇಲ್ಲದೆ ಕೂತಿದ್ದೆ.

ಬಳಕೆದಾರರ ಆಯೋಗಕ್ಕೆ ಹೋಗು ಎನ್ನುತ್ತಾರೆ. ಬಿಲ್ ಇಲ್ಲದೆ, ಆ ಕೊಟೇಶನ್ ಹಿಡಿದುಕೊಂಡು ಏನೆಂದು ವಾದಿಸಲಿ?

ಮಾಡಿಸುವವರು ಮೊದಲು ಬಾಗಿಲು, ಕಿಟಕಿ ನೋಡಿಕೊಳ್ಳಿ, ಗೋಡೆ ಆಮೇಲೆ. ‘ಹೊರಗಿನ ಶಬ್ದ ಎಷ್ಟು ಡೆಸಿಬೆಲ್ ಇಳಿಯುತ್ತದೆ’ ಎಂಬುದನ್ನು ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಕಾಫಿ ಕೊಡದೆ ಕಳಿಸಿ. ಪರೀಕ್ಷೆಯನ್ನು ಬೆಳಿಗ್ಗೆ ಎಂಟು ಗಂಟೆಗೆ, ಬೀದಿ ಗಿಜಿಗುಡುವಾಗ ಮಾಡಿ. ಬಿಲ್ ತೆಗೆದುಕೊಳ್ಳಿ. ಬಿಲ್ ತೆಗೆದುಕೊಳ್ಳಿ!

ನಾನು ಫೋಮ್ ಕೀಳಿಸಿದೆ, ಗೋಡೆಯ ಬಣ್ಣವೂ ಅದರ ಜೊತೆಗೇ ಬಂತು. ಗಟ್ಟಿ ಮರದ ಬಾಗಿಲು, ಸುತ್ತ ರಬ್ಬರ್ ಬೀಡಿಂಗ್, ಹಳೆಯ ಕಿಟಕಿಯ ಒಳಗೆ ನಾಲ್ಕಿಂಚು ಬಿಟ್ಟು ದಪ್ಪ ಗಾಜಿನ ಇನ್ನೊಂದು ಕಿಟಕಿ; ಮಾರ್ದನಿಗೆ ಚೌಕಟ್ಟಿನಲ್ಲಿ ರಾಕ್‌ವೂಲ್ (ಕಲ್ಲಿನಿಂದ ಮಾಡಿದ ಉಣ್ಣೆಯಂಥ ನಾರು) ತುಂಬಿ ಬಟ್ಟೆ ಹೊದಿಸಿದ ಹಲಗೆಗಳು. ಕುಕ್ಕರ್ ಈಗ ಕೇಳಿಸುವುದಿಲ್ಲ. ಬಸ್ಸು ಇನ್ನೂ ಕೇಳಿಸುತ್ತದೆ, ಹಾಗಾಗಿ ರಾತ್ರಿ ಹತ್ತರ ಮೇಲೆ ಓದುತ್ತೇನೆ. ಕಥೆ ನಿಂತಿತೆಂದು ಅಜ್ಜಿಗೆ ಬೇಸರ.

ಚಿತ್ರ ತೆಗೆಯಿರಿ ಎಂದು ಅವನಿಗೆ ಸಂದೇಶ ಕಳಿಸಿದೆ. "ಪ್ರಚಾರ ನಿಮಗೂ ಒಳ್ಳೆಯದೇ ಅಲ್ಲವೇ ಮೇಡಂ" ಎಂದು ಉತ್ತರ ಬಂತು, ಕೈಮುಗಿದ ಗುರುತಿನೊಂದಿಗೆ. ಇವತ್ತು ಬೆಳಿಗ್ಗೆ ನೋಡಿದಾಗಲೂ ಅಲ್ಲೇ ಇತ್ತು. ಕಪ್ಪು, ಕೆಂಪು ಫೋಮ್, ಮೂಲೆಯಲ್ಲಿ ಅವನಿಗೆ ಕಾಫಿ ಕೊಟ್ಟ ಲೋಟ.