ಗುಳಿಗೆ ಎಲ್ಲರೂ ಇಡುತ್ತಾರೆ, ಇವರು ಗಾಳಿ ಅಳೆಯುತ್ತಾರೆ: ತೊಗರಿ ಗೋದಾಮಿನ ಫ್ಯೂಮಿಗೇಶನ್ ಸರ್ವಿಸ್ ಬಗ್ಗೆ

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ದಾಲ್ ಮಿಲ್ಲು ಇದೆ, ಅದಕ್ಕೆ ಅಂಟಿಕೊಂಡೇ ತೊಗರಿ ಗೋದಾಮು. ಈ ಸಲ ನುಸಿಗೆ ಗುಳಿಗೆ ಇಡಿಸಲು ಹೊಸದೊಂದು ಫ್ಯೂಮಿಗೇಶನ್ (ವಿಷದ ಅನಿಲ ಬಿಟ್ಟು ಹುಳ ಕೊಲ್ಲುವ) ಸರ್ವಿಸಿನವರನ್ನು ಕರೆಸಿದ್ದೆವು. ರೇಟು ಹಿಂದೆ ಗುಳಿಗೆ ಇಡುತ್ತಿದ್ದ ಹಳೆಯವರ ರೇಟಿನ ಸುಮಾರು ಒಂದೂವರೆ ಪಟ್ಟು. ಆದರೂ ಕೊಟ್ಟ ದುಡ್ಡಿಗೆ ಬೇಸರವಿಲ್ಲ. ಗಂಜಿನಲ್ಲಿ (ಕಾಳಿನ ಮಾರುಕಟ್ಟೆಯಲ್ಲಿ) ಯಾರಿಗೆ ಹೇಳಿದರೂ ಮೊದಲು ಕೇಳುವುದು "ಟನ್ನಿಗೆ ಎಷ್ಟು ತಗೊಂಡ್ರು?" ಅಂತ ಮಾತ್ರ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಬಂದ ತೊಗರಿ ಮಳೆಗಾಲದವರೆಗೆ ಕೂತರೆ ನುಸಿ ಬೀಳದೆ ಇರಲ್ಲ, ಅದು ಎಲ್ಲರಿಗೂ ಗೊತ್ತು. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳೆ ಅನ್ನೋ ಭೌಗೋಳಿಕ ಗುರುತು) ಬಂದಮೇಲೆ ಕಲಬುರಗಿ ಹೆಸರು ಹಾಕಿ ಮಾರುವವರು ಜಾಸ್ತಿ ಆದರು. ಒಂದು ಚೀಲದಲ್ಲಿ ಹುಳ ಕಂಡರೂ ಕೊಳ್ಳುವ ಪಾರ್ಟಿ ಲೋಡ್ ವಾಪಸ್ ಕಳಿಸುತ್ತದೆ. ಹಾಗಾಗಿ ಗುಳಿಗೆ ಇಡಲೇಬೇಕು. ಆದರೆ ಆ ಗುಳಿಗೆ ಎಂಥದ್ದು ಅನ್ನೋದನ್ನ ನಮ್ಮಲ್ಲಿ ಎಷ್ಟು ಜನ ಯೋಚನೆ ಮಾಡಿದ್ದಾರೆ?

ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿನ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ಅನಿಲ ಬಿಡುತ್ತದೆ. 3 ಗ್ರಾಮಿನ ಒಂದು ಗುಳಿಗೆಯಿಂದ ಸುಮಾರು 1 ಗ್ರಾಂ ಅನಿಲ ಬರುತ್ತದೆ. ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಗಳಿಗೆ ಸಿಲಿಂಡರಿನಲ್ಲಿ ಹೋಗುವುದೂ ಇದೇ ಅನಿಲ. ಹುಳಕ್ಕೆ ಏನು ಮಾಡುತ್ತದೋ ಮನುಷ್ಯನಿಗೂ ಅದನ್ನೇ ಮಾಡುತ್ತದೆ, ದೇಹದ ಜೀವಕೋಶಗಳು ಆಮ್ಲಜನಕ ಬಳಸದ ಹಾಗೆ ತಡೆಯುತ್ತದೆ. ಇದಕ್ಕೆ ಮದ್ದು ಇಲ್ಲ. ಅದಕ್ಕೇ ಇದನ್ನು ಸಿಕ್ಕಸಿಕ್ಕವರಿಗೆ ಮಾರುವ ಹಾಗಿಲ್ಲ, ಅನುಮತಿ ಇರುವ ಪೆಸ್ಟ್ ಕಂಟ್ರೋಲ್‌ನವರೇ ಮಾಡಬೇಕು ಅಂತ ಕಾನೂನು ಇದೆ.

ಇವರ ಸೂಪರ್‌ವೈಸರ್ ಹುಮನಾಬಾದ್ ಕಡೆಯ ಹುಡುಗ. ಕೆಲಸ ಶುರು ಮಾಡುವ ಮೊದಲು ಸೇಫ್ಟಿ ಡೇಟಾ ಶೀಟ್ (ಅಪಾಯದ ವಿವರ ಇರುವ ಹಾಳೆ) ಕೈಗೆ ಕೊಟ್ಟು, ಅದರಲ್ಲಿ ಒಂದು ಸಾಲಿಗೆ ಪೆನ್ನಿನಿಂದ ಗೆರೆ ಎಳೆದ. ಎಲ್‌ಸಿ50, ಇಲಿ, 4 ಗಂಟೆ, 11 ಪಿಪಿಎಂ. "ಸಾಹುಕಾರ್ರೆ, ಇದೊಂದನ್ನ ತಿಳ್ಕೊಳ್ರಿ, ಉಳಿದದ್ದು ಆಮೇಲೆ ಓದ್ರಿ" ಅಂದ. ಪ್ರಯೋಗಾಲಯದಲ್ಲಿ ಇಲಿಗಳಿಗೆ 4 ಗಂಟೆ ಆ ಗಾಳಿ ಉಸಿರಾಡಿಸಿದಾಗ ಅರ್ಧದಷ್ಟು ಇಲಿಗಳು ಯಾವ ಪ್ರಮಾಣಕ್ಕೆ ಸಾಯುತ್ತವೋ ಅದೇ ಎಲ್‌ಸಿ50. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಬರೀ 11 ಭಾಗ ಫಾಸ್ಫೀನ್! ಅನಿಲಗಳನ್ನು ವಿಂಗಡಿಸುವಾಗ ಇದೇ 4 ಗಂಟೆ ಲೆಕ್ಕದಲ್ಲಿ 100 ಪಿಪಿಎಂ ಒಳಗೆ ಇದ್ದರೆ ಅದು ಅತ್ಯಂತ ಅಪಾಯದ ಮೊದಲನೇ ವರ್ಗ. ಇದು ಅದರಲ್ಲೂ ಎಷ್ಟೋ ಕೆಳಗಿದೆ.

ಆಮೇಲೆ ಮನೆಗೆ ಬಂದು ಕೂತು ಆ ಪರೀಕ್ಷೆ ಹೇಗೆ ಮಾಡ್ತಾರೆ ಅಂತ ಓದಿದೆ. ಫಾಸ್ಫೀನ್‌ನ ಆ ಅಂಕಿ 1975ರಲ್ಲಿ ಪ್ರಕಟವಾದದ್ದು. 1981ರಲ್ಲಿ ಒಇಸಿಡಿ ಅನ್ನೋ ಹಲವು ದೇಶಗಳ ಆರ್ಥಿಕ ಸಂಘಟನೆಯವರು ಇಂಥ ಪರೀಕ್ಷೆಗೆ 403ನೇ ಮಾರ್ಗಸೂಚಿ ತಂದರು, 2009ರಲ್ಲಿ ಅದನ್ನು ತಿದ್ದಿದರು. ಇಲಿಯನ್ನು ಕಿರಿದಾದ ಕೊಳವೆಯಲ್ಲಿ ಇರಿಸುತ್ತಾರೆ, ಮೂಗು ಮಾತ್ರ ಅನಿಲ ಬರುವ ಕಡೆ ಇರುತ್ತದೆ. 4 ಗಂಟೆ ಆದಮೇಲೆ ಹೊರಗೆ ತೆಗೆದು 14 ದಿನ ನೋಡುತ್ತಾರೆ, ಯಾಕಂದ್ರೆ ಎಲ್ಲ ವಿಷವೂ ಕೂಡಲೇ ಕೊಲ್ಲಲ್ಲ. ಫಾಸ್ಫೀನ್ ಉಸಿರಾಡಿದ ಮನುಷ್ಯನಿಗೂ ಶ್ವಾಸಕೋಶದಲ್ಲಿ ನೀರು ತುಂಬುವುದು ಒಂದೆರಡು ದಿನ ತಡವಾಗಿ ಆಗಬಹುದು. "ನಿನ್ನೆ ಆರಾಮ ಇದ್ದ" ಅನ್ನೋ ಮಾತಿಗೆ ಇಲ್ಲಿ ಅರ್ಥವೇ ಇಲ್ಲ. ಪ್ರಾಣಿಗಳು ಸಾಯುವವರೆಗೆ ಕಾಯದೆ, ವಿಷದ ಲಕ್ಷಣ ಸ್ಪಷ್ಟವಾಗಿ ಕಂಡರೆ ಅಷ್ಟಕ್ಕೇ ತೀರ್ಮಾನ ಮಾಡುವ ವಿಧಾನವೂ 2017ರಲ್ಲಿ ಬಂದಿದೆ. ಅದನ್ನು ಓದಿ ಮನಸ್ಸಿಗೆ ಸಮಾಧಾನ ಆಯಿತು.

ಆದರೆ ನನಗೆ ಮುಖ್ಯ ಅನಿಸಿದ್ದು ಬೇರೆ. ಇಷ್ಟು ಅನಿಲ ಬಿಟ್ಟಿದ್ದೇವೆ, ಇಷ್ಟು ಜಾಗ ಇದೆ, ಭಾಗಿಸಿದರೆ ಇಷ್ಟು ಬರುತ್ತೆ ಅನ್ನೋ ಲೆಕ್ಕವನ್ನಷ್ಟೇ ಆ ಪರೀಕ್ಷೆಯಲ್ಲಿ ನಂಬುವುದಿಲ್ಲ. ಪ್ರಾಣಿಯ ಮೂಗಿನ ಹತ್ತಿರದ ಗಾಳಿಯನ್ನೇ ತೆಗೆದು ಅಳೆಯಬೇಕು. ಇಲಿಯ ಮೂಗಿಗೆ ಇಷ್ಟು ಕಾಳಜಿ ಇದ್ದರೆ ನಮ್ಮ ಹಮಾಲರ ಮೂಗಿಗೂ ಇರಬೇಕಲ್ವಾ? ಹಳೆಯವರು ಎಷ್ಟು ಗುಳಿಗೆ, ಎಷ್ಟು ದಿನ ಅಂತ ಬಾಯಲ್ಲೇ ಹೇಳಿ, ಕೊನೆಗೆ ಬಾಗಿಲಲ್ಲಿ ನಿಂತು ಮೂಸಿ ನೋಡಿ "ವಾಸನೆ ಇಲ್ಲ, ಹೋಗ್ರಿ" ಅನ್ನುತ್ತಿದ್ದರು. ಫಾಸ್ಫೀನ್‌ಗೆ ಬೆಳ್ಳುಳ್ಳಿ ಥರ ಬರುವ ವಾಸನೆ ಅದರಲ್ಲಿ ಬೆರೆತ ಬೇರೆ ಪದಾರ್ಥಗಳದ್ದು. ಆ ವಾಸನೆಯನ್ನು ಕಾಳೇ ಹೀರಿಕೊಂಡುಬಿಡಬಹುದು. ಆಗ ಅನಿಲ ಇರುತ್ತದೆ, ವಾಸನೆ ಇರಲ್ಲ.

ಇವರು ಮೀಟರ್ ತಂದಿದ್ದರು. ಮೊದಲು ಹೊರಗಿನ ಗಾಳಿಯಲ್ಲಿ ಸೊನ್ನೆ ತೋರಿಸಿದರು, ಕ್ಯಾಲಿಬ್ರೇಶನ್ ಸ್ಟಿಕರ್ ಮೇಲಿನ ತಾರೀಖು ತೋರಿಸಿದರು. ಚೀಲ ಪೇರಿಸಿದ ಅಟ್ಟಿಗಳ ಮೇಲೆ ತಾಡಪತ್ರಿ ಎಳೆದು, ಅಂಚಿಗೆ ಸುತ್ತಲೂ ಉಸುಕಿನ ಉದ್ದ ಚೀಲ ಇಟ್ಟು, ಶಟರಿನ ಸಂದಿಗೆಲ್ಲ ಟೇಪ್ ಹಚ್ಚಿದರು. ಇಷ್ಟು ಎಲ್ಲರೂ ಮಾಡ್ತಾರೆ ಅನ್ನಿ. ಸಂಜೆ ಆ ಹುಡುಗ ಗೋದಾಮಿನ ಹೊರಗೋಡೆ ಹಿಡಿದು ಒಂದು ಸುತ್ತು ಬಂದ. ನಮ್ಮ ವಾಚ್‌ಮನ್ ಮಲಗುವ ಕೋಣೆಗೂ ಗೋದಾಮಿಗೂ ಒಂದೇ ಗೋಡೆ. ಅವನ ಮಂಚದ ಮೇಲೆ, ದಿಂಬಿನ ಹತ್ತಿರ ಮೀಟರ್ ಇಟ್ಟು ಕಾದು ನಿಂತ. 0.4 ಪಿಪಿಎಂ! ಕಾರ್ಖಾನೆಗಳಿಗೆ ಇರುವ ಕಾನೂನಿನ ಪಟ್ಟಿಯಲ್ಲಿ 8 ಗಂಟೆ ಪಾಳಿಗೆ ಸರಾಸರಿ ಮಿತಿಯೇ 0.3. ಟಾರ್ಚ್ ಹಾಕಿ ಹುಡುಕಿದರೆ ಮಂಚದ ಹಿಂದೆ ಹಳೇ ವೈರಿಂಗ್ ಪೈಪು ಗೋಡೆ ತೂರಿ ಗೋದಾಮಿಗೆ ಹೋಗಿತ್ತು, ಸುತ್ತ ಬೆರಳು ತೂರುವಷ್ಟು ಸಂದು. ಅದನ್ನು ಮುಚ್ಚಿಸಿ, "ಯಣ್ಣಾ, ಬಾಗಿಲು ತೆಗೆಯೋತನಕ ಈ ಕೋಣ್ಯಾಗ ಮಲಗಬ್ಯಾಡ" ಅಂತ ವಾಚ್‌ಮನ್‌ಗೆ ಹೇಳಿದ. ಅವನ ಮಂಚವನ್ನು ಆಫೀಸಿಗೆ ಸಾಗಿಸಿದೆವು. ಗೋದಾಮಿಗೆ ಅಂಟಿದ ಮನೆಗಳಲ್ಲಿ ರಾತ್ರಿ ಮಲಗಿದವರಿಗೆ ಆಗುವ ಅನಾಹುತ ಇದೇ ಥರದ ಸಂದಿಯಿಂದ. ಈ ಒಂದು ಅಳತೆಗೇ ಪೂರ್ತಿ ಬಿಲ್ಲು ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ.

ನಡುವೆ ನಮ್ಮ ಮುನೀಮರು ಪಾರ್ಟಿ ಅವಸರ ಮಾಡ್ತಿದೆ, ಎರಡು ಗುಳಿಗೆ ಜಾಸ್ತಿ ಇಟ್ಟು ಬೇಗ ತೆಗೆಯೋಕೆ ಆಗಲ್ವಾ ಅಂತ ಕೇಳಿದರು. ಅವನು ಒಪ್ಪಲಿಲ್ಲ. ನುಸಿಯ ಮೊಟ್ಟೆ ಈ ಅನಿಲಕ್ಕೆ ಸುಲಭವಾಗಿ ಬಗ್ಗಲ್ಲ, ಜಾಸ್ತಿ ಹಾಕಿದರೆ ಹುಳ ಮಂಪರಾಗಿ ಬಿದ್ದು ಉಳಿದುಕೊಳ್ಳಬಹುದು, ಇಲ್ಲಿ ಕೆಲಸ ಮಾಡೋದು ದಿನಗಳು ಅಂತ ಹೇಳಿ ಪೂರ್ತಿ 7 ದಿನ ಮುಚ್ಚಿಸಿದ.

ಬಾಗಿಲು ತೆಗೆದ ದಿನ ಲಾರಿ ಬಂದು ನಿಂತಿತ್ತು, ಹಮಾಲರೂ ಬಂದಿದ್ದರು. ಇವರ ಹುಡುಗರು ಅನಿಲ ಸೋಸುವ ಕ್ಯಾನಿಸ್ಟರ್ ಇರುವ ಮಾಸ್ಕ್ ಹಾಕಿ ಒಳಗೆ ಹೋದರು. ಬಾಯಿಗೆ ಟವೆಲ್ ಸುತ್ತಿಕೊಳ್ಳೋದು, ಧೂಳಿನ ಮಾಸ್ಕ್ ಹಾಕೋದು ಇದಕ್ಕೆ ಯಾವ ಉಪಯೋಗಕ್ಕೂ ಬರಲ್ಲ. ಬಾಗಿಲಲ್ಲಿ ಮೀಟರ್ ಸೊನ್ನೆ ತೋರಿಸಿತು. ಹಿಂದಿನ ಮೂಲೆಯಲ್ಲಿ, ಎರಡು ಅಟ್ಟಿಗಳ ನಡುವೆ, ಇನ್ನೂ 2 ಪಿಪಿಎಂ ಇತ್ತು. ಹಮಾಲರನ್ನು ವಾಪಸ್ ಕಳಿಸಿದರು. ಲಾರಿಯವ ಬಹಳ ಗಲಾಟೆ ಮಾಡಿದ, ಇವರು ಮಾತ್ರ ಜಗ್ಗಲಿಲ್ಲ. ಎರಡೂ ಕಡೆ ಬಾಗಿಲು ತೆಗೆದು ರಾತ್ರಿಯೆಲ್ಲ ಗಾಳಿ ಆಡಿಸಿ, ಬೆಳಿಗ್ಗೆ ಮತ್ತೆ ಅದೇ ಮೂಲೆಯಲ್ಲಿ ಅಳೆದು 0.1 ಬಂದಮೇಲೇ ಒಳಗೆ ಬಿಟ್ಟರು. ಗುಳಿಗೆಯಿಂದ ಉಳಿದ ಬೂದು ಪುಡಿಯನ್ನೂ ತಾವೇ ತೆಗೆದುಕೊಂಡು ಹೋದರು, ಮೋರಿಗೆ ಚೆಲ್ಲಲಿಲ್ಲ.

ಇನ್ನು ಸರಿ ಬರದಿದ್ದದ್ದು. ಬೆಳಿಗ್ಗೆ ಬರುತ್ತೇವೆ ಅಂದವರು ಬಂದಿದ್ದು ಮಧ್ಯಾಹ್ನ ಊಟ ಆದಮೇಲೆ, ಫೋನ್ ಕೂಡ ಎತ್ತಲಿಲ್ಲ. ಬಾಗಿಲಿಗೆ ಹಚ್ಚಿದ ಅಪಾಯದ ಬೋರ್ಡು ಬರೀ ಇಂಗ್ಲಿಷ್‌ನಲ್ಲಿತ್ತು. ನಮ್ಮ ಹಮಾಲರು ಓದುವುದು ಕನ್ನಡ, ಕೆಲವರು ಉರ್ದು. ಕೇಳಿದಮೇಲೆ ಒಂದು ರಟ್ಟಿನ ಮೇಲೆ ಕೈಯಲ್ಲಿ ಬರೆದು ಕಟ್ಟಿದರು. ಇಂಥ ಕೆಲಸಕ್ಕೆ ಇದು ಸಣ್ಣ ಲೋಪ ಅಲ್ಲ, ಅಚ್ಚು ಹಾಕಿಸಿದ ಬೋರ್ಡೇ ಇರಬೇಕು. ಅಳತೆಯ ಚೀಟಿಯನ್ನೂ ನಾವೇ ಕೇಳಿ ತಗೋಬೇಕಾಯಿತು. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಪಿಪಿಎಂ ಅನ್ನೋ ಆ ಚೀಟಿ ಬಿಲ್ಲಿನ ಜೊತೆಗೇ ಬರಬೇಕು.

ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ಒಂದು ಕನ್ನಡ ಬೋರ್ಡಿಗೆ ಮತ್ತು ಚೀಟಿಗೆ. ಮಳೆಗಾಲದಲ್ಲಿ ಎರಡನೇ ಗೋದಾಮಿಗೂ ಇವರನ್ನೇ ಕರೆಯುತ್ತಿದ್ದೇವೆ, ಬೋರ್ಡು ತರುತ್ತೇವೆ ಅಂತ ಒಪ್ಪಿದ್ದಾರೆ.