ಮಾತ್ರೆ ಬಿಡಿಸಿದ ಕರಿಜೀರಿಗೆ ಎಣ್ಣೆ

ಮೊನ್ನೆ ಚಿಕ್ಕಮ್ಮನ ಮಗಳು ಒಂದು ವಾಯ್ಸ್ ನೋಟ್ ಕಳಿಸಿದಳು. "ಇದು ಕೇಳಕ್ಕ, ಕಿಡ್ನಿಗೆ ಭಾರೀ ಒಳ್ಳೆಯದಂತೆ. ಮಾವನಿಗೆ ತರಿಸೋದಾ?" ನಾಲ್ಕು ಸೆಕೆಂಡು ಕೇಳಿದ್ದೇ ಗುರುತು ಸಿಕ್ಕಿತು. ಎಣ್ಣೆ ಮಾರುವವರ ಅದೇ ದನಿ. ಸಲಾಂ ಹೇಳುವಾಗ ಸ್ವಲ್ಪ ಎಳೆಯುವುದು, ಹದೀಸ್, ಅಂದರೆ ಪ್ರವಾದಿಯವರ ಮಾತು, ಓದಿ ಒಂದು ಗಳಿಗೆ ಸುಮ್ಮನಾಗುವುದು, ಆಮೇಲೆ ಬೆಲೆ ಹೇಳುವುದು. ನಂಬರ್ ಮಾತ್ರ ಬೇರೆ. ಕಳೆದ ವರ್ಷ ನಮ್ಮ ಮನೆಗೆ ಬಂದಾಗ ಅದೇ ಎಣ್ಣೆ ಶುಗರಿಗೆ ಮದ್ದಾಗಿತ್ತು. ಅಣ್ಣನಿಗೆ ಬೇಸರ ಆದೀತು ಅಂತ ಎಂಟು ತಿಂಗಳು ಬರೆಯದೆ ಸುಮ್ಮನಿದ್ದೆ. ಇನ್ನು ಸುಮ್ಮನಿರಲು ಆಗುವುದಿಲ್ಲ.

ನಾನು ಕರಿಜೀರಿಗೆಯ ವೈರಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಲೋಂಜಿ ಅನ್ನಿ, ಹಬ್ಬತುಸ್ಸೌದಾ ಅನ್ನಿ, ನಮ್ಮ ಮನೆಯಲ್ಲಿ ಅದಿಲ್ಲದ ದಿನವಿಲ್ಲ. ಉಪ್ಪಿನಕಾಯಿಗೆ ಹಾಕುತ್ತೇನೆ, ಮಕ್ಕಳಿಗೆ ಶೀತವಾದರೆ ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಮೂಸಿಸುತ್ತೇನೆ. ಪ್ರವಾದಿಯವರು ಹೇಳಿದ ಕಾಳು ಎಂಬ ಪ್ರೀತಿಯೂ ಇದೆ. ಆ ಪ್ರೀತಿಯನ್ನೇ ಹಿಡಿದು ನಮ್ಮನ್ನು ಬೀಳಿಸಿದರು, ಅದಕ್ಕೇ ನೋವು ಜಾಸ್ತಿ.

ಉಮ್ಮನಿಗೆ, ಅಂದರೆ ನಮ್ಮ ಅಮ್ಮನಿಗೆ, ಆಗ 63. ಶುಗರ್ ಬಂದು 14 ವರ್ಷ. ಬೆಳಿಗ್ಗೆ ಗ್ಲಿಮೆಪಿರೈಡ್, ಎರಡು ಹೊತ್ತು ಮೆಟ್‌ಫಾರ್ಮಿನ್, ಬಿಪಿಗೆ ಒಂದು ಮಾತ್ರೆ. ಜನವರಿಯಲ್ಲಿ ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ HbA1c ಪರೀಕ್ಷೆಯಲ್ಲಿ 7.6 ಇತ್ತು. "ಈ ವಯಸ್ಸಿಗೆ ಪರವಾಗಿಲ್ಲ" ಅಂದಿದ್ದರು ಡಾಕ್ಟರು. ಫೆಬ್ರವರಿಯಲ್ಲಿ ಸೌದಿಯ ದಮ್ಮಾಮಿನಿಂದ ಅಣ್ಣ ರಜೆಗೆ ಬಂದ. ಅಲ್ಲಿ ಯಾರೋ ಸೇರಿಸಿದ ವಾಟ್ಸಾಪ್ ಗ್ರೂಪಿನ ಮಾತು ಕೇಳಿ ಊರಿಗೇ ಆರು ಬಾಟಲಿ ತರಿಸಿದ್ದ. 200 ಮಿಲಿಗೆ 1,100 ರೂಪಾಯಿ. ಕಂದು ಗಾಜಿನ ಬಾಟಲಿ, ಒಂಟೆಯ ಚಿತ್ರ, ಅದರ ಕೆಳಗೆ ಅರಬಿಯಲ್ಲಿ ಆ ಹದೀಸ್: ಮರಣವೊಂದನ್ನು ಬಿಟ್ಟು ಎಲ್ಲ ರೋಗಕ್ಕೂ ಇದರಲ್ಲಿ ಶಿಫಾ, ಅಂದರೆ ಗುಣ, ಇದೆ. ಉಮ್ಮ ಅದನ್ನು ಓದಿ ಬಾಟಲಿಯನ್ನು ಕಣ್ಣಿಗೊತ್ತಿಕೊಂಡರು. ಡಾಕ್ಟರ ಚೀಟಿಯನ್ನು ಪ್ರಶ್ನಿಸಬಹುದು, ಕಣ್ಣಿಗೊತ್ತಿಕೊಂಡ ಬಾಟಲಿಯನ್ನು ಯಾರು ಪ್ರಶ್ನಿಸುತ್ತಾರೆ?

ಖಾಲಿ ಹೊಟ್ಟೆಗೆ ಒಂದು ಚಮಚ, ರಾತ್ರಿ ಒಂದು ಚಮಚ, ಜೇನು ಬೆರೆಸಿ. ಜೊತೆಗೊಂದು ಪಥ್ಯದ ಪಟ್ಟಿ: ರಾತ್ರಿ ಅನ್ನ ಬೇಡ, ಸಕ್ಕರೆ ಚಹಾ ಬೇಡ, ಬಾಳೆಹಣ್ಣು ಬೇಡ, ಸಂಜೆಯ ಅಸರ್ ನಮಾಜು ಆದ ಮೇಲೆ ಅರ್ಧ ಗಂಟೆ ನಡಿಗೆ. ಹದಿನಾಲ್ಕು ವರ್ಷ ಡಾಕ್ಟರು ಹೇಳಿ ಹೇಳಿ ಸೋತದ್ದೂ ಇದನ್ನೇ. ಅವರು ಹೇಳಿದಾಗ ಕೇಳದ ಉಮ್ಮ ಎಣ್ಣೆಯವರು ಹೇಳಿದ್ದೇ ತಡ ಕುಚ್ಚಲಕ್ಕಿ ಗಂಜಿಯನ್ನೂ ಬಿಟ್ಟರು. ಮಾತ್ರೆಯೂ ನಡೆಯುತ್ತಿತ್ತು. ಎರಡು ವಾರಕ್ಕೆ ಶುಗರ್ ಇಳಿಯಿತು. ಪಥ್ಯ ದುಡಿಯಿತು, ಹೆಸರು ಎಣ್ಣೆಗೆ ಬಂತು.

ಮೂರನೇ ವಾರ ಒಂದು ಮಧ್ಯಾಹ್ನ ಉಮ್ಮನಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಶುಗರ್ ಮಿಷನ್ನಿನಲ್ಲಿ ನೋಡಿದರೆ 58, ತೀರಾ ಇಳಿದಿತ್ತು. ಬೆಲ್ಲ ತಿನ್ನಿಸಿ, ಸಕ್ಕರೆ ನೀರು ಕುಡಿಸಿ ಸುಧಾರಿಸಿದೆವು. ಅವತ್ತೇ ಡಾಕ್ಟರ ಹತ್ತಿರ ಓಡಬೇಕಿತ್ತು. ಊಟ ಕಡಿಮೆಯಾಗಿದೆ, ಗ್ಲಿಮೆಪಿರೈಡ್ ಅಷ್ಟೇ ಇದೆ, ಮೇಲಿಂದ ತಾನೂ ಒಂದಿಷ್ಟು ಶುಗರ್ ಇಳಿಸುವ ಎಣ್ಣೆ. ಮಾತ್ರೆಯ ಪ್ರಮಾಣ ತಗ್ಗಿಸಿ ಅಂತ ದೇಹ ಕೂಗಿ ಹೇಳಿದ ಹಾಗೆ. ಅಣ್ಣ ಮಾಡಿದ್ದೇನು? ಮಿಷನ್ನಿನ ಫೋಟೋ ತೆಗೆದು ಎಣ್ಣೆ ಮಾರುವವರಿಗೆ ಕಳಿಸಿದ. ಹತ್ತು ನಿಮಿಷದಲ್ಲಿ ವಾಯ್ಸ್ ನೋಟ್ ಬಂತು: "ಮಾಶಾ ಅಲ್ಲಾಹ್! ಉಮ್ಮನ ದೇಹಕ್ಕೆ ಇನ್ನು ಇಂಗ್ಲಿಷ್ ಮದ್ದು ಬೇಡ ಅಂತ ಅರ್ಥ. ಇವತ್ತಿನಿಂದಲೇ ಬಿಡಿ. ಮಿಷನ್ನಿನಲ್ಲಿ ದಿನಾ ನೋಡ್ತಾ ಕೂರಬೇಡಿ, ಅದು ಮನಸ್ಸಿನ ರೋಗ."

ಮಿಷನ್ ಅಲ್ಮೇರಾ ಸೇರಿತು. ಮಾತ್ರೆಯ ಡಬ್ಬಿಯಲ್ಲಿ ಉಮ್ಮ ಸೂಜಿದಾರ ತುಂಬಿಸಿದರು. ನನಗೆ ಗೊತ್ತಿತ್ತು. ಒಂದೆರಡು ಸಲ ಜಗಳ ಮಾಡಿದೆ, "ನಿನಗೆ ಈಮಾನ್, ನಂಬಿಕೆ ಕಡಿಮೆ" ಅಂದರು, ಬಾಯಿ ಮುಚ್ಚಿಕೊಂಡೆ. ನನ್ನ ತಪ್ಪೂ ಇದೆ, ಬರೆಯುವಾಗ ಅದನ್ನು ಬಿಡಬಾರದು.

ಹೊಸದರ ಹುರುಪು ಎಷ್ಟು ದಿನ? ಮೇ ಹೊತ್ತಿಗೆ ಗಂಜಿ ಮರಳಿ ಬಂತು, ಮಾವಿನಹಣ್ಣು ಬಂತು, ಮದುವೆಗಳ ಬಿರಿಯಾನಿ ಬಂತು. ಮಾತ್ರೆ ಮಾತ್ರ ಬರಲಿಲ್ಲ. ರಾತ್ರಿ ನಾಲ್ಕು ಸಲ ಎದ್ದು ಹೋಗುವುದು, ತೂಕ ಇಳಿದು ರವಿಕೆ ಸಡಿಲವಾಗುವುದು, ಎಲ್ಲ ಕಣ್ಣೆದುರೇ. "ಕೊಬ್ಬು ಕರಗ್ತಿದೆ" ಅಂತ ಗ್ರೂಪಿನಲ್ಲಿ ಹೇಳಿದ್ದರಂತೆ. ಅಣ್ಣ ಇನ್ನೂ ಆರು ಬಾಟಲಿ ತರಿಸಿದ.

ಜುಲೈ ಕೊನೆಗೆ ಒಂದು ಮದುವೆಗೆ ಉಮ್ಮ ಹೊಸ ಚಪ್ಪಲಿ ಹಾಕಿದ್ದರು. ಮರುದಿನ ಮಧ್ಯಾಹ್ನದ ಲುಹರ್ ನಮಾಜಿಗೆ ಮೊದಲು ವುಝೂ ಮಾಡಿ ಕೈಕಾಲು ತೊಳೆಯುತ್ತಾ ಕಾಲ್ಬೆರಳ ಸಂದಿಗೆ ಕಿರುಬೆರಳು ಹಾಕಿ ಉಜ್ಜುವಾಗ ಏನೋ ಅಂಟಂಟು. ತೆಗೆದು ನೋಡಿದರೆ ರಕ್ತ, ಕೀವು. ಎಡಗಾಲಿನ ಎರಡನೇ ಬೆರಳ ಬುಡದಲ್ಲಿ ಪಟ್ಟಿ ಉಜ್ಜಿ ಚರ್ಮ ಎದ್ದಿತ್ತು. ನೋವೇ ಗೊತ್ತಾಗಿರಲಿಲ್ಲ. ಶುಗರ್ ಹಳೆಯದಾದರೆ ಪಾದದ ನರ ಸತ್ತು ಹಾಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಹತ್ತಿಯನ್ನು ಅದೇ ಎಣ್ಣೆಯಲ್ಲಿ ಅದ್ದಿ ಕಟ್ಟಿದರು. ಎರಡು ದಿನಕ್ಕೆ ಗಾಯದ ಸುತ್ತ ಕೆಂಪಾಗಿ ಸಾಸಿವೆಯಂಥ ಗುಳ್ಳೆಗಳೆದ್ದವು. ಕರಿಜೀರಿಗೆ ಎಣ್ಣೆ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಹಚ್ಚಿದಲ್ಲಿ ಅಲರ್ಜಿಯಾಗಿ ಗುಳ್ಳೆ ಏಳುತ್ತದೆ, ಇದು ಚರ್ಮದ ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಫೋಟೋ ನೋಡಿದ ಎಣ್ಣೆಯವರು ಹೇಳಿದ್ದು: "ವಿಷ ಹೊರಗೆ ಬರ್ತಾ ಇದೆ. ಮೂರು ಚಮಚ ಮಾಡಿ."

ಒಂಬತ್ತು ದಿನ ಹಾಗೇ ಹೋಯಿತು. ಹತ್ತನೇ ದಿನ ಚಳಿಜ್ವರ, ಕೋಣೆ ತುಂಬ ವಾಸನೆ. ಆಸ್ಪತ್ರೆಗೆ ಹೋದಾಗ ಶುಗರ್ 418, ಮೂರು ತಿಂಗಳ ಸರಾಸರಿ 11.9. "ಬೇರೆ ಏನಾದರೂ ನಾಟಿ ಮದ್ದು, ಎಣ್ಣೆ, ಕಷಾಯ?" ಅಂತ ಕೇಳಿದ್ದಕ್ಕೆ ಅಣ್ಣ ಫೋನಿನಲ್ಲೇ "ಏನೂ ಇಲ್ಲ" ಅಂದ. ನಾನು ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಆಪರೇಷನ್ ಇರುವಾಗ ಇದನ್ನು ಮುಚ್ಚಿಡಲೇಬಾರದು, ರಕ್ತ ಹೆಪ್ಪುಗಟ್ಟುವುದರ ಮೇಲೆ, ಬಿಪಿಯ ಮೇಲೆ ಇದರ ಪರಿಣಾಮ ಇರಬಹುದು ಅಂದರು. ಎರಡನೇ ಬೆರಳನ್ನು ತೆಗೆದರು. ಪಾದ ಉಳಿಯಿತು.

ಅಣ್ಣ ಕೊನೆಯ ಅಸ್ತ್ರ ಅನ್ನುವಂತೆ ಗ್ರೂಪಿನಲ್ಲಿ ಬಂದಿದ್ದ ಒಂದು ಸ್ಕ್ರೀನ್‌ಶಾಟ್ ಕಳಿಸಿದ: ಸೌದಿಯಲ್ಲೇ ಸಾಬೀತಾಗಿದೆ, 2010ರಲ್ಲಿ ಪ್ರಕಟವಾಗಿದೆ. ವಾರ್ಡಿನ ಕಿರಿಯ ಡಾಕ್ಟರು ಆ ಅಧ್ಯಯನವನ್ನು ಹುಡುಕಿ ತೆಗೆದು ನನ್ನೆದುರೇ ಓದಿದರು. ಅದು ಸುಳ್ಳಲ್ಲ. 94 ಮಂದಿ ಶುಗರ್ ರೋಗಿಗಳಿಗೆ ದಿನಕ್ಕೆ 1, 2 ಅಥವಾ 3 ಗ್ರಾಂ ಕಲೋಂಜಿಯನ್ನು ಮೂರು ತಿಂಗಳು ಕೊಟ್ಟಿದ್ದಾರೆ, 2 ಗ್ರಾಂ ತಿಂದವರ ಶುಗರ್ ಇಳಿದಿದೆ, 3 ಗ್ರಾಂನಿಂದ ಹೆಚ್ಚಿನ ಲಾಭವೇನೂ ಸಿಕ್ಕಿಲ್ಲ. ಆದರೆ ಅವರೆಲ್ಲ ತಮ್ಮ ಮಾತ್ರೆಯ ಜೊತೆಗೆ ಅದನ್ನು ತಿಂದವರು. ಸ್ಕ್ರೀನ್‌ಶಾಟ್ ಮಾಡಿದವರಿಗೆ ಆ ಒಂದು ಸಾಲು ಕತ್ತರಿಸಿದರೆ ಸಾಕಿತ್ತು.

ಡಿಸ್ಚಾರ್ಜ್ ಆದ ಮೇಲೂ ಉಮ್ಮನಿಗೆ ಕಾಲಿಗಿಂತ ಹೆಚ್ಚು ಕೊರೆಯುತ್ತಿದ್ದದ್ದು ಬೇರೆ: ಹದೀಸ್ ಸುಳ್ಳಾಗುತ್ತದಾ? ನಮ್ಮ ಮಸೀದಿಯ ಉಸ್ತಾದರನ್ನು, ಅಂದರೆ ಧರ್ಮಗುರುಗಳನ್ನು, ಮನೆಗೆ ಕರೆದೆ. ಅವರು ಚಹಾಕ್ಕೆ ಸಕ್ಕರೆ ಬೇಡ ಅಂದು, ತಮಗೂ ದಿನಾ ಇನ್ಸುಲಿನ್ ಇದೆ ಅಂತ ನಕ್ಕರು. ಆಮೇಲೆ ಕೇಳಿದ್ದು: "ಬುಖಾರಿಯಲ್ಲಿ ಆ ಹದೀಸಿನ ಸಂದರ್ಭ ಗೊತ್ತುಂಟಾ?" ಬುಖಾರಿ ಅಂದರೆ ಹದೀಸುಗಳ ಸಂಗ್ರಹ. ಸಂದರ್ಭ ನಮಗೆ ಗೊತ್ತಿರಲಿಲ್ಲ. ಗಾಲಿಬ್ ಬಿನ್ ಅಬ್ಜರ್ ಎಂಬವರು ಪ್ರಯಾಣದಲ್ಲಿ ಕಾಯಿಲೆ ಬೀಳುತ್ತಾರೆ. ನೋಡಲು ಬಂದ ಇಬ್ನು ಅಬೀ ಅತೀಕ್ ಹೇಳುತ್ತಾರೆ: ಐದೋ ಏಳೋ ಕರಿಜೀರಿಗೆ ಕಾಳು ಅರೆದು, ಎಣ್ಣೆಯಲ್ಲಿ ಬೆರೆಸಿ ಎರಡೂ ಮೂಗಿನ ಹೊಳ್ಳೆಗೆ ಹನಿ ಬಿಡಿ. ಹೇಳಿ, ಪ್ರವಾದಿಯ ಪತ್ನಿ ಆಯಿಶಾರಿಂದ ಕೇಳಿದ ಆ ಹದೀಸನ್ನು ನೆನಪಿಸುತ್ತಾರೆ.

ಐದೋ ಏಳೋ ಕಾಳು! ನಾನು ಆಮೇಲೆ ಲೆಕ್ಕ ಹಾಕಿದೆ. ಸಾವಿರ ಕಾಳಿನ ತೂಕ ಎರಡರಿಂದ ಮೂರು ಗ್ರಾಂ. ಕಾಳಿನಲ್ಲಿ ಎಣ್ಣೆ ಇರುವುದು ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಬಾಟಲಿಯಲ್ಲಿದ್ದದ್ದು ಅಸಲಿ ಎಣ್ಣೆಯೇ ಆಗಿದ್ದರೆ, ದಿನಕ್ಕೆ ಎರಡು ಚಮಚ ಅಂದರೆ ಹತ್ತು ಸಾವಿರ ಕಾಳಿನ ಆಸುಪಾಸು. ಇದನ್ನು ಸುನ್ನತ್, ಅಂದರೆ ಪ್ರವಾದಿಯ ಮಾದರಿ, ಅಂತ ಮಾರಿದರು.

"ಎಲ್ಲ ರೋಗ" ಅನ್ನುವುದರ ಬಗ್ಗೆ ಉಸ್ತಾದರು ಕುರ್‌ಆನಿನ ಅಹ್‌ಕಾಫ್ ಸೂರಾ, ಅಂದರೆ ಅಧ್ಯಾಯ, ತೆಗೆದರು. ಆದ್ ಎಂಬ ಹಳೆಯ ಜನಾಂಗದ ಮೇಲೆ ಬೀಸಿದ ಗಾಳಿ "ಎಲ್ಲವನ್ನೂ" ನಾಶ ಮಾಡಿತು ಅಂತ 25ನೇ ಆಯತಿನಲ್ಲಿದೆ, ಅದೇ ಆಯತಿನಲ್ಲಿ ಅವರ ಮನೆಗಳ ಹೊರತು ಬೇರೇನೂ ಕಾಣಲಿಲ್ಲ ಅಂತಲೂ ಇದೆ. ಮನೆ ಉಳಿದಿತ್ತಲ್ಲ? ಹಾಗೇ ಇಲ್ಲಿಯೂ "ಎಲ್ಲ" ಅಂದರೆ ಈ ಕಾಳಿಗೆ ಒಗ್ಗುವ ರೋಗಗಳು. ಈ ಹೋಲಿಕೆ ಕೊಟ್ಟವರು 1350ರಲ್ಲಿ ತೀರಿಕೊಂಡ ವಿದ್ವಾಂಸ ಇಬ್ನುಲ್ ಖಯ್ಯಿಮ್. ಅವರ ಪ್ರಕಾರ ಹೆಚ್ಚು ಕೆಲಸ ಮಾಡುವುದು ಶೀತ ಪ್ರಕೃತಿಯ ರೋಗಗಳಲ್ಲಿ. ಸೇವಿಸುವ ಪ್ರಮಾಣವನ್ನು ಅವರು ಎರಡು ದಿರ್ಹಮ್ ತೂಕ ಅನ್ನುತ್ತಾರೆ, ಸುಮಾರು ಆರು ಗ್ರಾಂ. ಜೊತೆಗೇ, ಅತಿಯಾದರೆ ಕೊಲ್ಲುತ್ತದೆ ಅಂತ ಕೆಲವರು ಹೇಳಿರುವುದನ್ನೂ ಬರೆದಿಡುತ್ತಾರೆ. ಬಾಟಲಿಯ ಮೇಲೆ ಅದನ್ನು ಯಾರು ಅಚ್ಚು ಹಾಕುತ್ತಾರೆ ಹೇಳಿ?

ಹೊರಡುವಾಗ ಉಸ್ತಾದರು ಅಬೂದಾವೂದ್ ಎಂಬ ಸಂಗ್ರಹದ ಇನ್ನೊಂದು ಹದೀಸ್ ಹೇಳಿದರು: ವೈದ್ಯವಿದ್ಯೆ ಗೊತ್ತಿಲ್ಲದೆ ಚಿಕಿತ್ಸೆ ಮಾಡಿದವನು ಆದ ಹಾನಿಗೆ ಹೊಣೆ. ಅದನ್ನು ಬರೆದು ಆ ನಂಬರಿಗೆ ಕಳಿಸಿದೆ. ಒಂದೇ ಟಿಕ್ಕು. ಬ್ಲಾಕ್.

ಈಗ ನಿಮ್ಮ ಮನೆಯಲ್ಲೂ ಬಾಟಲಿ ಇದ್ದರೆ ಹಿಂದೆ ತಿರುಗಿಸಿ ನೋಡಿ. ನಮ್ಮದರಲ್ಲಿ 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬರ್ ಮಾತ್ರ ಇತ್ತು. ಅಂದರೆ ಕಾಯಿದೆಯ ಕಣ್ಣಲ್ಲಿ ಅದು ಆಹಾರ, ಅಡುಗೆ ಎಣ್ಣೆಯ ಹಾಗೆ. ಯುನಾನಿ ಔಷಧಿಯಾಗಿದ್ದರೆ ಔಷಧ ತಯಾರಿಕೆಯ ಲೈಸೆನ್ಸ್ ನಂಬರ್ ಇರಬೇಕಿತ್ತು. ಇನ್ನು ಸಕ್ಕರೆ ಕಾಯಿಲೆ ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯಿದೆಯಲ್ಲಿ ಅಪರಾಧ. ಯುನಾನಿಯೇ ಬೇಕೆಂದರೆ ಕಲಿತವರ ಹತ್ತಿರ ಹೋಗಿ, ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯೇ ಇದೆ. ಅಲ್ಲಿಗೆ ಹೋಗುವಾಗಲೂ ಈಗ ತಿನ್ನುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.

ಕಾಳು ಕೊಳ್ಳುವುದಾದರೂ ಕಣ್ಣು ಬಿಟ್ಟು ಕೊಳ್ಳಿ. ಮಂಗಳೂರು ಬಂದರಿನ ಒಂದು ಗ್ರಂಧಿಗೆ ಅಂಗಡಿಯಲ್ಲಿ "ಕರಿಜೀರಿಗೆ" ಅಂದದ್ದಕ್ಕೆ ನನ್ನೆದುರು ಮೂರು ಡಬ್ಬಿ ಇಟ್ಟರು. ಒಂದರಲ್ಲಿ ತೆಳ್ಳಗೆ ಬಾಗಿದ ಶಾಹಿ ಜೀರಿಗೆ. ಇನ್ನೊಂದರಲ್ಲಿ ಬಾಯಿಗಿಟ್ಟರೆ ವಿಷದಷ್ಟು ಕಹಿಯಾದ ಕಾಡುಜೀರಿಗೆ, ಹೊಟ್ಟೆಹುಳಕ್ಕೆ ಕೊಡುತ್ತಿದ್ದದ್ದು. ಮೂರನೆಯದು ನಮಗೆ ಬೇಕಾದದ್ದು: ಹೊಳಪಿಲ್ಲದ ಕಪ್ಪು, ಮೂಲೆ ಮೂಲೆಯಾದ ಪುಟ್ಟ ಕಾಳು, ಬೆರಳಲ್ಲಿ ತಿಕ್ಕಿದರೆ ಓಮ, ಮೆಣಸು ಎರಡೂ ಸೇರಿದಂಥ ಘಾಟು. ಈರುಳ್ಳಿ ಬೀಜವೂ ನೋಡಲು ಹೀಗೇ ಇರುತ್ತದೆ, ತಿಕ್ಕಿದರೆ ಆ ಘಾಟು ಬರುವುದಿಲ್ಲ.

ಅಣ್ಣ ಈಗ ದಿನಾ ಬೆಳಿಗ್ಗೆ ದಮ್ಮಾಮಿನಿಂದ ವಿಡಿಯೋ ಕಾಲ್ ಮಾಡಿ ಉಮ್ಮನ ಪಾದ ನೋಡುತ್ತಾನೆ. ದೂರು ಕೊಡುವುದು ಮಾತ್ರ ಅವನಿಗೆ ಇಷ್ಟವಿರಲಿಲ್ಲ, "ದೀನಿನ, ಧರ್ಮದ ಹೆಸರು ಹಾಳಾಗುತ್ತೆ" ಅಂದ. ಹಾಳು ಮಾಡಿದವರು ಯಾರು ಅಂತ ಕೇಳಿದೆ, ಸುಮ್ಮನಾದ. ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟಿದ್ದೇನೆ. ಹನ್ನೆರಡರಲ್ಲಿ ಉಳಿದ ಮೂರು ಬಾಟಲಿಗಳು ಅಡುಗೆಮನೆಯ ಅಟ್ಟದಲ್ಲಿವೆ, ಸೀಲ್ ಒಡೆದಿಲ್ಲ. ಸ್ಯಾಂಪಲ್ ಕೇಳಿದರೆ ಬೇಕಾಗುತ್ತದೆ ಅಂತ ಇಟ್ಟಿದ್ದೇನೆ.